ಟುವಾಲಿನ ಕೆಳಗೆ ಹಿಡಿದ ಎರಡು ಬೆರಳು

ಒಂದೇ ಮನೆಯಿಂದ ಒಂದೇ ವರ್ಷ ಇಬ್ಬರು ಎಸ್ಸೆಸ್ಸೆಲ್ಸಿ ಪಾಸಾದದ್ದೇ ತಪ್ಪಾಯಿತು. ಒಬ್ಬ ಫೇಲಾಗಿದ್ದರೆ ಯಾರಿಗೂ ತಲೆನೋವಿರಲಿಲ್ಲ. ಪಾಸಾದವನು ಓದಲು ಹೋಗುತ್ತಿದ್ದ, ಫೇಲಾದವನು ಎತ್ತಿನ ಹಿಂದೆ ಹೋಗುತ್ತಿದ್ದ, ಊರಿನವರೂ ಸರಿ ಎನ್ನುತ್ತಿದ್ದರು. ನಾನೂ ನನ್ನಣ್ಣನೂ ಇಬ್ಬರೂ ಪಾಸಾಗಿ ಕೂತೆವು. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಸೊರಬದ ಹೈಸ್ಕೂಲಿನಲ್ಲಿ ಅಂಟಿಸಿದ್ದ ಪಟ್ಟಿಯಲ್ಲಿ ನಮ್ಮಿಬ್ಬರ ನಂಬರನ್ನೂ ಎರಡೆರಡು ಸಲ ನೋಡಿ ನಮ್ಮೂರು ಹೊಸಬಾಳೆಗೆ ಬಂದಾಗ ಅವ್ವ ಇಬ್ಬರ ಬಾಯಿಗೂ ಬೆಲ್ಲ ಹಾಕಿದಳು. ಅಪ್ಪ ಮಾತ್ರ ಜಗಲಿಯ ಮೇಲೆ ಕೂತು ತನ್ನ ಬಲಗೈ ನೋಡಿಕೊಂಡ.

ಅಪ್ಪನ ಆ ಕೈ ಎರಡು ವರ್ಷದ ಹಿಂದೆ ಆಲೆಮನೆಯಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿ ಜಜ್ಜಿಹೋಗಿತ್ತು. ಊಟದ ತುತ್ತು ಎತ್ತಲು ಬರುತ್ತಿತ್ತು, ನೇಗಿಲು ಹಿಡಿಯಲು ಬರುತ್ತಿರಲಿಲ್ಲ. ಆ ವರ್ಷ ಉಳುಮೆ, ಬಿತ್ತನೆ, ಕೊಯ್ಲು ಎಲ್ಲವನ್ನೂ ಅಣ್ಣನೇ ಮೈಮೇಲೆ ಹಾಕಿಕೊಂಡು ಮಾಡಿದ. ಪರೀಕ್ಷೆಗೆ ಕೂರದೆ ಒಂದು ವರ್ಷ ಕಳೆದುಕೊಂಡ. ಅವನು ನನ್ನ ಕ್ಲಾಸಿಗೆ ಬಂದು ಸಿಕ್ಕಿಕೊಂಡದ್ದು ಹಾಗೆ. ಈಗ ಒಬ್ಬ ಶಿವಮೊಗ್ಗಕ್ಕೆ ಹೋಗಿ ಕಾಲೇಜು ಸೇರಬಹುದು, ಇನ್ನೊಬ್ಬ ಮನೆಯಲ್ಲೇ ಉಳಿದು ಗದ್ದೆ ನೋಡಬೇಕು ಎಂಬುದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು.

ನ್ಯಾಯವಾಗಿ ನೋಡಿದರೆ ಇದರಲ್ಲಿ ಯೋಚನೆ ಮಾಡುವಂಥದ್ದೇ ಇರಲಿಲ್ಲ. ತಾನೇನಾಗಬೇಕೆಂದು ಅಣ್ಣನಿಗೆ ಗೊತ್ತಿತ್ತು. ಹೈಸ್ಕೂಲಿನ ಮೊದಲ ವರ್ಷದಲ್ಲಿ ಅಂಬ್ಲಿಗೊಳದ ಕಡೆಯ ನೆಂಟರ ಮನೆಗೆ ಹೋದವನು, ಅಲ್ಲಿ ನೆಲ ಅಳೆಯಲು ಬಂದಿದ್ದ ಸರ್ಕಾರದವರ ಹಿಂದೆ ಬಿದ್ದು ಮೂರು ದಿನ ಅವರ ಸರಪಳಿ ಹೊತ್ತಿದ್ದ. ಕೊನೆಯ ದಿನ ಅವರ ಓವರ್‌ಸೀಯರು ಮೂರು ಕಾಲಿನ ಸ್ಟ್ಯಾಂಡಿನ ಮೇಲಿದ್ದ ದುರ್ಬೀನಿಗೆ ಒಂದು ಸಲ ಕಣ್ಣಿಡಲು ಬಿಟ್ಟರಂತೆ.

"ಎಲ್ಲಾ ತಲೆಕೆಳಗಾಗಿ ಕಾಣ್ತದೆ ಕಣೋ! ಮರ ತಲೆಕೆಳಗೆ, ಮನುಷ್ಯ ತಲೆಕೆಳಗೆ. ಆದ್ರೆ ಅಳತೆ ಮಾತ್ರ ಕರಾರುವಾಕ್ಕು!"

ಇದನ್ನು ಅವನು ನನಗೆ ನೂರು ಸಲವಾದರೂ ಹೇಳಿರಬೇಕು. ಗದ್ದೆಯ ಬದುವಿನ ಮೇಲೆ ಕೋಲು ನೆಟ್ಟು, ನನ್ನನ್ನು ದೂರದಲ್ಲಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿಕೊಂಡು "ಎಡಕ್ಕೆ ಸರಿ, ಇನ್ನೂ ಸರಿ, ಆ, ನಿಲ್ಲು!" ಎಂದು ಬಿಸಿಲಿನಲ್ಲಿ ಒಣಗಿಸುತ್ತಿದ್ದ. ಲೆಕ್ಕದಲ್ಲಿ ಅವನಿಗೆ ನನಗಿಂತ ಎಷ್ಟೋ ಹೆಚ್ಚು ನಂಬರು ಬಂದಿತ್ತು. ಗದ್ದೆ ಕೆಲಸ ಮುಗಿಸಿ ಬಂದು, ಕೆಸರಿನ ಕಾಲಲ್ಲೇ ಕೂತು ಓದಿ ತೆಗೆದ ನಂಬರು ಅದು.

ನನ್ನ ಕಥೆ ಬೇರೆ. ಮುಂದೇನಾಗ್ತೀಯ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ಮಕ್ಕಳನ್ನು ಹಾಗೆ ಕೇಳುವುದು ಕಿವಿಗೆ ಬಿದ್ದರೂ ಬರುತ್ತದೆ. ಮೀಸೆ ಮೂಡದ ಹುಡುಗನನ್ನು ನಿಲ್ಲಿಸಿ, ಮುಂದಿನ ಐವತ್ತು ವರ್ಷ ಏನು ಮಾಡ್ತೀಯಪ್ಪ ಎಂದು ಕೇಳುವುದು ಯಾವ ಸೀಮೆಯ ನ್ಯಾಯ? ನನ್ನ ಆಸೆಗಳು ವಾರಕ್ಕೊಂದು. ಸೊರಬದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಬಿಳಿ ಕೋಟು ಹಾಕಿದ್ದನ್ನು ನೋಡಿದ ವಾರ ಕಾಂಪೌಂಡರ್. ಪೋಸ್ಟಾಫೀಸಿನಲ್ಲಿ ಮುದ್ರೆ ಕುಟ್ಟುವ ಸದ್ದು ಕೇಳಿದ ವಾರ ಪೋಸ್ಟ್ ಮಾಸ್ಟರ್. ಬಸ್ಸಿನ ಕಂಡಕ್ಟರ್ ಆಗುವ ಆಸೆ ಮಾತ್ರ ಪೂರ್ತಿ ಎರಡು ವಾರ ಬಾಳಿತು. ಹೊಲದ ಕೆಲಸದಲ್ಲೋ ನಾನು ಶುದ್ಧ ದಂಡಪಿಂಡ. ನಾನು ಹೊಡೆದ ಸಾಲು ನೋಡಿ ಅಪ್ಪ ತಲೆ ತಿರುಗಿಸಿಕೊಳ್ಳುತ್ತಿದ್ದ. ಸ್ವಲ್ಪ ಧೂಳು ಕುಡಿದರೆ ಸಾಕು, ನಾಲ್ಕು ದಿನ ಕೆಮ್ಮು.

"ದೊಡ್ಡವ ಹೋಗ್ಲಿ. ಒಂದ್ ವರ್ಷ ಮನೆಗಾಗಿ ಕಳ್ಕಂಡಾನೆ" ಎಂದಳು ಅವ್ವ.

ಅಪ್ಪ ಅಜ್ಜನ ಕಡೆ ನೋಡಿದ. ಮನೆಯ ಯಜಮಾನಿಕೆ ಇದ್ದದ್ದು ಅಜ್ಜನ ಕೈಯಲ್ಲಿ. ಅಜ್ಜ ಶಿರಾಳಕೊಪ್ಪದ ಸಂತೆಯಲ್ಲಿ ದನದ ದಲ್ಲಾಳಿ. ಎತ್ತಿನ ಹಲ್ಲು, ಸುಳಿ, ಗೊರಸು ನೋಡಿ ಅದರ ಜಾತಕ ಹೇಳುವ ಮನುಷ್ಯ. ಆದರೆ ಕಾಲೇಜಿನ ಹಲ್ಲು ಎಣಿಸುವುದು ಅವನಿಗೂ ಗೊತ್ತಿರಲಿಲ್ಲ.

"ಎದ್ದೇಳ್ರೋ ಇಬ್ರೂ. ಶಿಕಾರಿಪುರಕ್ಕೆ ಹೋಗಾಣ. ಅಳಿಯನ್ನ ಒಂದ್ ಮಾತು ಕೇಳಾಣ. ಅವ ನಾಕು ಜನ ಕಂಡವ" ಎಂದ.

ಅಳಿಯ ಎಂದರೆ ನಮ್ಮ ಅತ್ತೆಯ ಗಂಡ. ಶಿಕಾರಿಪುರದ ಪೇಟೆಯಲ್ಲಿ ಬಟ್ಟೆ ಅಂಗಡಿ. ಹಣೆ ತುಂಬ ವಿಭೂತಿ ಬಳಿದುಕೊಂಡು, ಗಜದ ಕಡ್ಡಿ ತೊಡೆಯ ಮೇಲಿಟ್ಟುಕೊಂಡು ಕೂರುವ ಮಾವ. ನಮ್ಮ ಸಂಗತಿ ಕೇಳಿದ್ದೇ ಗಿರಾಕಿಗಳನ್ನೂ ಬಿಟ್ಟು ಅವನು ಖುಷಿಯಿಂದ ಶುರುಮಾಡಿದ.

"ನೋಡ್ರಿ ಮಾವಾರೆ, ಈಗ ಎರಡೇ ಐತಿ. ಸೈನ್ಸು, ಆರ್ಟ್ಸು. ಸೈನ್ಸ್ ಓದಿದೋರು ಕೈಲೆ ದುಡಿದು ತಿಂತಾರ. ಆರ್ಟ್ಸ್ ಓದಿದೋರು ಬಾಯಿಲೆ ದುಡಿದು ತಿಂತಾರ."

"ಮತ್ತೆ ಕಾಮರ್ಸ್ ಅಂತ ಒಂದಿದೆಯಲ್ಲ ರೀ?" ಎಂದರು ಪಂಚೆ ಕೊಳ್ಳಲು ಬಂದಿದ್ದ ತಾಲ್ಲೂಕು ಕಚೇರಿಯ ಗುಮಾಸ್ತರು.

"ಅದನ್ನೇನು ಓದೋದ್ರೀ? ನಮ್ಮಂಥೋರಿಗೆ ಅದು ತೊಟ್ಟಿಲದಾಗೇ ಬಂದಿರತೈತಿ."

ಕುಪ್ಪಸದ ಬಟ್ಟೆ ಆರಿಸುತ್ತಿದ್ದ ಹೆಂಗಸು ತಲೆಯೆತ್ತಿ, "ಡಾಕ್ಟ್ರು ಓದಿಸ್ರಿ. ಹಳ್ಯಾಗ ಹೆರಿಗಿ ಅಂದ್ರ ಜೀವ ಕೈಯಾಗ ಹಿಡಕೊಂಡು ಕೂಡಬೇಕು ನಾವು" ಎಂದಳು. ಅಜ್ಜ ನನ್ನನ್ನು ತೋರಿಸಿ, "ಇವ ಕೋಳಿ ಕೊರಳು ಕುಯ್ಯೋದ್ ಕಂಡ್ರೇ ಬೀಳ್ತಾನೆ ತಾಯಿ" ಎಂದ. ಅಂಗಡಿ ತುಂಬ ನಗು. ಗುಮಾಸ್ತರು ಮಾತ್ರ ನಗದೆ, "ಯಾಕ್ರೀ ಅಷ್ಟೆಲ್ಲ? ಪಹಣಿ, ಖಾತೆ ಬರೆಯೋದು ಕಲಿತರೆ ಊರಿಗೆ ಊರೇ ಬಂದು ಕೈ ಮುಗೀತದೆ" ಎಂದರು. ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬರು ಮೇಷ್ಟ್ರ ಟ್ರೈನಿಂಗೇ ಎಲ್ಲಕ್ಕಿಂತ ಮೇಲು ಎಂದರು. ತಮಗೆ ಎಷ್ಟು ರಜೆ ಸಿಗುತ್ತದೆ ಎಂದು ಬೆರಳು ಮಡಚಿ ತೋರಿಸಿದರು. ಒಳಗಿನಿಂದ ಅತ್ತೆ ಬಂದು ಮಂಡಕ್ಕಿ ಕೊಟ್ಟಳು, ಮಿಲಿಟರಿಗೆ ಮಾತ್ರ ಬೇಡಪ್ಪಾ ಎಂದು ಯಾರೂ ಎತ್ತದ ಮಾತೊಂದನ್ನು ಎತ್ತಿ ಅತ್ತುಬಿಟ್ಟಳು. ನನಗೆ ತಲೆ ಕೆಟ್ಟು ಕೆರ ಹಿಡಿಯಿತು. ಒಬ್ಬೊಬ್ಬರು ಮಾತಾಡಿದಾಗಲೂ ಅದೇ ಸರಿ ಎನಿಸುತ್ತಿತ್ತು.

ಅಣ್ಣ ಕೇಳಿದ್ದು ಒಂದೇ ಪ್ರಶ್ನೆ. "ಓವರ್‌ಸೀಯರ್ ಆಗಕ್ಕೆ ಸೈನ್ಸ್ ಓದ್ಬೇಕಾ ಮಾವ?"

"ಓದಿದ್ರ ಭಾಳ ಚಲೋ."

ಅಣ್ಣ ಮಂಡಕ್ಕಿ ಬಾಯಿಗೆ ಹಾಕಿಕೊಂಡ. ಅವನ ಮಟ್ಟಿಗೆ ಶಿಕಾರಿಪುರದ ಕೆಲಸ ಅಲ್ಲಿಗೆ ಮುಗಿದಿತ್ತು.

ವಾಪಸು ಬರುವಾಗ ಶಿರಾಳಕೊಪ್ಪದಲ್ಲಿ ಇಳಿದೆವು. ಅವತ್ತು ಸಂತೆ. ಅಜ್ಜನಿಗೆ ಎರಡು ಜೋಡಿ ಎತ್ತಿನ ಮಾತು ಮುಗಿಸುವುದಿತ್ತು. ಆ ಸಂತೆಯಲ್ಲಿ ದನದ ದರವನ್ನು ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ದಲ್ಲಾಳಿ ಹೆಗಲ ಟುವಾಲು ತೆಗೆದು, ತನ್ನ ಕೈ ಮತ್ತು ರೈತನ ಕೈ ಎರಡನ್ನೂ ಮುಚ್ಚುತ್ತಾನೆ. ಮಾತೆಲ್ಲ ಅದರ ಕೆಳಗೆ, ಬೆರಳು ಹಿಡಿದು. ಮೇಲೆ ಅಜ್ಜನ ಬಾಯಿ ಮಳೆ, ಬೆಳೆ, ಮಗಳ ಮದುವೆ ಎಂದು ಹರಟುತ್ತಿತ್ತು. ಕೆಳಗೆ ಏನು ನಡೆಯುತ್ತಿದೆಯೆಂದು ಪಕ್ಕದಲ್ಲಿ ನಿಂತವನಿಗೂ ತಿಳಿಯುತ್ತಿರಲಿಲ್ಲ. ಟುವಾಲಿನ ಕೆಳಗೆ ಆದ ಮಾತನ್ನು ಹೊರಗೆ ಆಡಬಾರದು, ಕಟ್ಟಿಕೊಂಡ ಹೆಂಡತಿಗೂ ಹೇಳಬಾರದು. ಅದು ಕಟ್ಟಳೆ. ಅಣ್ಣ ಚಿಕ್ಕಂದಿನಿಂದ ಅಜ್ಜನ ಜೊತೆ ಸಂತೆಗೆ ಬಂದು ಹಗ್ಗ ಹಿಡಿದು ನಿಂತವನು. ನನ್ನನ್ನು ಧೂಳಿಗೆ ಹೆದರಿ ಅವ್ವ ಕಳಿಸುತ್ತಿರಲಿಲ್ಲ.

ಕೆಲಸ ಮುಗಿದ ಮೇಲೆ ಅಜ್ಜ ಹೊಂಗೆಮರದ ಕೆಳಗೆ ಕೂತು ನಮ್ಮಿಬ್ಬರನ್ನೂ ಕರೆದ.

"ಮನೇಲಿ ಕೇಳಿದ್ರೆ ನಿಮ್ಮವ್ವನ ಮುಖ ನೋಡಿ ಒಂದು ಹೇಳ್ತೀರಿ, ನಿಮ್ಮಪ್ಪನ ಕೈ ನೋಡಿ ಇನ್ನೊಂದು ಹೇಳ್ತೀರಿ. ಇಲ್ಲೇ ಹೇಳಿ. ಒಂದು ಬೆರಳು ಹಿಡಿದ್ರೆ ಕಾಲೇಜು. ಎರಡು ಹಿಡಿದ್ರೆ ಮನೆ, ಗದ್ದೆ. ಒಬ್ಬನದು ಇನ್ನೊಬ್ಬಂಗೆ ತಿಳಿಯೋದ್ ಬೇಡ. ದೊಡ್ಡವ ಮೊದಲು ಬಾ. ನೀ ಆ ಕಡೆ ಹೋಗಿ ನಿಲ್ಲೋ."

ನಾನು ಚೀಲ ಹಿಡಿದುಕೊಂಡು ಹತ್ತು ಮಾರು ದೂರ ನಿಂತೆ. ಟುವಾಲು ಬಿತ್ತು. ಅಜ್ಜ ದಾರಿಯಲ್ಲಿ ಹೋಗುತ್ತಿದ್ದ ಯಾರನ್ನೋ "ಏನ್ರೀ, ಕರ ಹಾಕ್ತಾ?" ಎಂದು ನಗುತ್ತ ಮಾತಾಡಿಸುತ್ತಿದ್ದ. ಟುವಾಲು ಒಂದು ಸಲ ಅಲುಗಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ. ಆಮೇಲೆ ಮತ್ತೊಂದು ಸಲ, ಜೋರಾಗಿ. ಅಣ್ಣನ ಭುಜವೇ ಅಲ್ಲಾಡಿತು. ಅಜ್ಜ ಕಚಗುಳಿ ಇಡುತ್ತಿದ್ದಾನೋ ಏನೋ ಅಂದುಕೊಂಡೆ. ಆಮೇಲೆ ಅಲುಗಲಿಲ್ಲ. ಅಣ್ಣ ಎದ್ದು ನನ್ನ ಪಕ್ಕದಿಂದಲೇ ಹಾದು, ನನ್ನ ಮುಖ ನೋಡದೆ ಎತ್ತುಗಳ ಕಡೆ ಹೋದ.

ನನ್ನ ಸರದಿ. ಟುವಾಲಿನ ಕೆಳಗೆ ಅಜ್ಜನ ಕೈ ಬೆಚ್ಚಗಿತ್ತು, ಒರಟಾಗಿತ್ತು. ನಾನು ಎರಡು ಬೆರಳು ಹಿಡಿದೆ.

ಯಾಕೆ ಹಿಡಿದೆ? ಅಣ್ಣನಿಗಾಗಿ ಬಿಟ್ಟುಕೊಟ್ಟೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ, ಆದರೆ ಸುಳ್ಳು. ಶಿವಮೊಗ್ಗ ಎಂದರೆ ಭಯವಿತ್ತು. ಇಂಗ್ಲಿಷಿನಲ್ಲಿ ಪಾಠ ಮಾಡುತ್ತಾರಂತೆ ಎಂಬ ಭಯ, ಹೋಟೆಲಿನ ಊಟದ ಭಯ. ಮನೆಯಲ್ಲಿದ್ದರೆ ಅವ್ವ ಇದ್ದಳು. ಅಣ್ಣ ಹೇಗೂ ಒಂದೇ ಬೆರಳು ಹಿಡಿದಿರುತ್ತಾನೆ ಎಂಬ ಲೆಕ್ಕವೂ ಎಲ್ಲೋ ಇತ್ತು. ಇದರಲ್ಲಿ ಯಾವುದು ಎಷ್ಟು ಎಂದು ಕೇಳಿದರೆ ನನಗೆ ಈಗಲೂ ಗೊತ್ತಿಲ್ಲ.

ಅಜ್ಜ ನನ್ನ ಹಿಡಿತ ಬಿಡಿಸಿದ. ಆಮೇಲೆ ತಾನೇ ನನ್ನ ಒಂದು ಬೆರಳನ್ನು ಹಿಡಿದು ಒತ್ತಿದ. ಗಟ್ಟಿಯಾಗಿ ಒತ್ತಿ, ಹಾಗೇ ಹಿಡಿದುಕೊಂಡ. ನಾನು ಕಕ್ಕಾಬಿಕ್ಕಿಯಾದೆ. ಕೇಳುತ್ತಿದ್ದಾನೋ, ಹೇಳುತ್ತಿದ್ದಾನೋ? ಅಥವಾ ಯಾವ ಬೆರಳಿಗೆ ಏನೆಂದು ನಾನೇ ಉಲ್ಟಾ ತಿಳಿದುಕೊಂಡೆನೋ? ಬಾಯಿಬಿಟ್ಟು ಕೇಳುವಂತಿಲ್ಲ. ಅಜ್ಜನ ಮುಖ ನೋಡಿದೆ. ಅವನು ದೂರದಲ್ಲಿ ಒಂದು ಎಮ್ಮೆಯನ್ನು ನೋಡುತ್ತಿದ್ದ. ನಾನು ಕೈಯನ್ನು ಸುಮ್ಮನೆ ಬಿಟ್ಟುಕೊಂಡು ಕೂತೆ. ಅಜ್ಜ ಅಂಗೈಗೆ ಮೆಲ್ಲಗೆ ತಟ್ಟಿ ಟುವಾಲು ತೆಗೆದು, "ಆಯ್ತು, ನಡಿ" ಎಂದ.

ಮನೆ ಮುಟ್ಟಿ ಕಾಲು ತೊಳೆದ ಮೇಲೆ ಅಜ್ಜ ಎಲ್ಲರೆದುರು ಹೇಳಿದ. "ಚಿಕ್ಕವ ಕಾಲೇಜಿಗೆ ಹೋಗ್ತಾನೆ, ಸೈನ್ಸು. ದೊಡ್ಡವ ಮನೆ ನೋಡ್ಕಂತಾನೆ. ಇಬ್ರೂ ಒಪ್ಪಿದಾರೆ."

ಅವ್ವ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು ಅಣ್ಣನನ್ನು ನೋಡಿದಳು. "ಹೌದನಾ ಮಗಾ?"

"ಹ್ಞೂಂ ಅವ್ವ" ಎಂದ ಅಣ್ಣ.

ಅಯ್ಯೋ, ನಾನು ಹಿಡಿದದ್ದು ಎರಡು ಬೆರಳು! ಹೇಳಲು ಬಾಯಿ ತೆಗೆದೆ. ಆದರೆ ಟುವಾಲಿನ ಕೆಳಗಿನದನ್ನು ಹೊರಗೆ ಆಡಬಾರದು. ಮೇಲಾಗಿ ಅಣ್ಣನೇ ಹ್ಞೂಂ ಅಂದನಲ್ಲ. ಇಬ್ಬರೂ ಎರಡೆರಡು ಬೆರಳು ಹಿಡಿದಿರಬೇಕು, ಅದಕ್ಕೇ ಅಜ್ಜ ನನ್ನನ್ನು ತಳ್ಳಿದ ಎಂದು ಅರ್ಥ ಮಾಡಿಕೊಂಡೆ. ಹಾಗೆ ಅರ್ಥವಾದದ್ದೇ ಅಣ್ಣನ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂತು. ತಲೆಕೆಳಗಿನ ಮರ, ತಲೆಕೆಳಗಿನ ಮನುಷ್ಯ ಎಂದು ಮೂರು ವರ್ಷ ನನ್ನ ತಲೆ ತಿಂದವನು, ಸಮಯ ಬಂದಾಗ ಗದ್ದೆ ಕೇಳಿದನೇ! ಹೇಡಿ ಎಂದು ಮನಸ್ಸಿನಲ್ಲೇ ಬೈದೆ.

ಶಿವಮೊಗ್ಗಕ್ಕೆ ಹೊರಟ ದಿನ ನನ್ನ ಟ್ರಂಕನ್ನು ಸೊರಬದವರೆಗೆ ಗಾಡಿಯಲ್ಲಿ ತಂದವನು ಅವನೇ. ದಾರಿಯುದ್ದಕ್ಕೂ ನಾನು ಮೂತಿ ಊದಿಸಿಕೊಂಡು ಕೂತಿದ್ದೆ. ಬಸ್ಸು ಹತ್ತಿದ ಮೇಲೆ ಅವನು ಕಿಟಕಿಯಲ್ಲಿ ತನ್ನ ಕಂಪಾಸ್ ಪೆಟ್ಟಿಗೆ ಕೊಟ್ಟ. ಮುಳ್ಳು ಮೊಂಡಾಗದಂತೆ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಪೆಟ್ಟಿಗೆ, ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ.

"ಸೈನ್ಸಿಗೆ ಬೇಕಾಗ್ತದೆ, ಇಟ್ಕ" ಎಂದ.

ಇಷ್ಟು ಸುಲಭವಾಗಿ ಕೊಡುತ್ತಾನಲ್ಲ ಎಂದು ಅದಕ್ಕೂ ಸಿಟ್ಟು ಮಾಡಿಕೊಂಡೆ. ಥ್ಯಾಂಕ್ಸ್ ಇರಲಿ, ಹೋಗಿಬರ್ತೇನೆ ಎಂದೂ ಹೇಳಲಿಲ್ಲ.

ಆ ವರ್ಷ ಶಿವಮೊಗ್ಗದಲ್ಲಿ ನಾನು ಏನು ಓದಿದೆನೋ ಶಿವನೇ ಬಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ಬರೆದುಕೊಳ್ಳುತ್ತಿದ್ದೆ, ಯಾಕೆ ಬರೆದುಕೊಳ್ಳುತ್ತಿದ್ದೇನೆಂದು ಗೊತ್ತಾಗುತ್ತಿರಲಿಲ್ಲ. ಒಂದು ದಿನ ಪ್ರಯೋಗಶಾಲೆಯಲ್ಲಿ ಮೇಷ್ಟ್ರು ಮೇಣದಬತ್ತಿ ಹಚ್ಚಿ, ಮಸೂರ ಇಟ್ಟು, ಬಿಳಿ ಕಾಗದದ ಮೇಲೆ ಉರಿಯ ಬಿಂಬ ಬೀಳಿಸಿದರು. ಉರಿ ತಲೆಕೆಳಗಾಗಿ ನಿಂತಿತ್ತು. ಪಕ್ಕದವನು ಅಳತೆ ಬರೆದುಕೊಳ್ಳುತ್ತಿದ್ದ. ನನಗೆ ಅಣ್ಣ ನೆನಪಾಗಿ, ಬೇಡ ಬೇಡವೆಂದರೂ ಕಣ್ಣು ತುಂಬಿತು. ಆ ಪ್ರಯೋಗವನ್ನು ನಾನು ತಪ್ಪು ಬರೆದೆ.

ಪರೀಕ್ಷೆ ಮುಗಿಸಿ ಬೇಸಿಗೆಗೆ ಊರಿಗೆ ಬಂದೆ. ಅಜ್ಜನ ಮೊಣಕಾಲು ಊದಿಕೊಂಡು ಅವನು ಜಗಲಿ ಬಿಟ್ಟು ಇಳಿಯುತ್ತಿರಲಿಲ್ಲ. ಸಂತೆಯ ದಿನ ಒಂದು ಹೋರಿ ಕೊಡುವುದಿತ್ತು. ಅಜ್ಜ ತನ್ನ ಟುವಾಲನ್ನು ಅಣ್ಣನ ಹೆಗಲಿಗೆ ಹಾಕಿ ಕಳಿಸಿದ. ಜೊತೆಗೆ ನಾನೂ ಹೋದೆ. ಧೂಳಿನಲ್ಲಿ ಕೆಮ್ಮುತ್ತ ನಿಂತು ನೋಡಿದೆ. ಅಣ್ಣ ಟುವಾಲು ಹೊದಿಸಿದ ರೀತಿ ಥೇಟು ಅಜ್ಜನದೇ, ಮೇಲಿನ ಹರಟೆಯೂ ಅಜ್ಜನದೇ. ಅರ್ಧ ಗಂಟೆಯೊಳಗೆ ಹೋರಿ ಬೇರೆಯವರ ಹಗ್ಗಕ್ಕೆ ಹೋಯಿತು. ಆಮೇಲೆ ಅದೇ ಹೊಂಗೆಮರದ ಕೆಳಗೆ ಕೂತು ಬುತ್ತಿ ಬಿಚ್ಚಿದೆವು. ಒಂದು ವರ್ಷದ ಮುನಿಸು ರೊಟ್ಟಿಯ ಮುಂದೆ ಸ್ವಲ್ಪ ಸಡಿಲವಾಗಿತ್ತು.

"ನನಗೂ ಒಂಚೂರು ಹೇಳ್ಕೊಡು ಮಾರಾಯ, ಅದೆಂತ ನೀವು ಒಳಗೆ ಮಾಡೋದು" ಎಂದೆ.

ಅಣ್ಣ ನಕ್ಕು ನನ್ನ ಕೈ ಎಳೆದುಕೊಂಡು ಟುವಾಲು ಹಾಕಿದ. "ಮೊದ್ಲು ನೀ ಹಿಡೀಬೇಕು, ಅದು ನಿನ್ನ ಮಾತು. ಆಮೇಲೆ ದಲ್ಲಾಳಿ ತಿರುಗಿ ಒತ್ತುತಾನೆ, ಅದು ಅವನ ಮಾತು. ಬೇಡ ಅಂದ್ರೆ ಮಣಿಕಟ್ಟು ಅಲುಗಿಸ್ಬೇಕು. ಅಲುಗಿಸದೆ ಸುಮ್ನೆ ಕೂತ್ರೆ ಒಪ್ಪಿದಂಗೆ. ಅಂಗೈಗೆ ತಟ್ಟಿದ ಅಂದ್ರೆ ಮುಗೀತು, ದೇವರು ಬಂದ್ರೂ ವಾಪಸಿಲ್ಲ."

ನಾನು ಬುತ್ತಿಯನ್ನು ಪಕ್ಕಕ್ಕೆ ಸರಿಸಿದೆ.

"ನಂಗೆ ಅದು ಗೊತ್ತಿರ್ಲಿಲ್ಲ" ಎಂದೆ.

"ಯಾವ್ದು?"

"ಅಲುಗಿಸ್ಬೇಕು ಅಂತ."

ಅಣ್ಣ ನನ್ನನ್ನೇ ನೋಡಿದ. ಕಟ್ಟಳೆ ಹಾಳಾಗಿ ಹೋಗಲಿ ಎಂದು ನಾನು ಹೇಳಿಯೇಬಿಟ್ಟೆ. ಎರಡು ಬೆರಳು ಹಿಡಿದದ್ದು, ಅಜ್ಜ ತಿರುಗಿ ಒಂದು ಬೆರಳು ಒತ್ತಿದ್ದು, ನಾನು ಏನೂ ತಿಳಿಯದೆ ಕೈಬಿಟ್ಟುಕೊಂಡು ಕೂತದ್ದು. ಅವನು ಮುಂದೆ ಯಾರದೋ ಗಾಡಿ ದಾಟಿಹೋಗುವವರೆಗೂ ಅದನ್ನೇ ನೋಡಿದ.

"ನಾ ಒಂದೇ ಬೆರಳು ಹಿಡಿದಿದ್ದೆ" ಎಂದ ಕೊನೆಗೆ. "ಅಜ್ಜ ಎರಡು ಒತ್ತಿದ. ಅಲುಗಿಸಿದೆ. ಮತ್ತೆ ಎರಡು ಒತ್ತಿದ. ಮತ್ತೆ ಅಲುಗಿಸಿದೆ. ಮೂರನೇ ಸಲ ಜೋರಾಗೇ ಅಲುಗಿಸಿದೆ. ಆದ್ರೂ ಒತ್ತಿದ. ಆಗ ಅಂದ್ಕಂಡೆ, ನೀನೂ ಒಂದೇ ಬೆರಳು ಹಿಡೀತೀಯ ಅಂತ ಅಜ್ಜಂಗೆ ಗೊತ್ತಿರ್ಬೇಕು, ನೀನೇ ಮೊದ್ಲು ಹೇಳಿರ್ಬೇಕು ಅಂತ. ಅದಕ್ಕೇ ಕೈ ಬಿಟ್ಟೆ."

"ನಾನೆಲ್ಲಿ ಹೇಳಿದ್ದೆ!"

"ನೀ ಒಂದ್ಸಲ ಅಲುಗಿಸಿದ್ರೆ ಸಾಕಿತ್ತಲ್ಲೋ" ಎಂದ. ಬೈಯುವ ದನಿ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇಬ್ರೂ ಬೇಡ ಅಂದಿದ್ರೆ ಅಜ್ಜ ಏನು ಮಾಡ್ತಿದ್ದ?"

"ಯಾಕೆ ಮಾಡಿದ ಅಜ್ಜ ಹಿಂಗೆ?"

"ಅಜ್ಜಂದೇನು ತಪ್ಪು? ದಲ್ಲಾಳಿ ಅವ. ಹೂಡಕ್ಕೆ ಬರೋ ಎತ್ತನ್ನ ಯಾರಾದ್ರೂ ಕೊಡ್ತಾರಾ? ಬರದೇ ಇರೋದನ್ನ ಸಂತೆಗೆ ಹೊಡೀತಾರೆ."

ಹಾಗೆ ಹೇಳಿ ಅವನು ನಕ್ಕ. ನನಗೆ ನಗು ಬರಲಿಲ್ಲ. ಒಂದು ವರ್ಷ ಇವನನ್ನು ಹೇಡಿ ಎಂದು ಬೈದುಕೊಂಡೆನಲ್ಲ ಎಂದು ನಾಚಿಕೆಯಾಯಿತು, ಅಜ್ಜನ ಮೇಲೆ ರೋಷ ಬಂತು, ಎಲ್ಲಕ್ಕಿಂತ ನನ್ನ ಕೈಯ ಮೇಲೆ ಅಸಹ್ಯ ಬಂತು. ಇನ್ನೂ ಸಮಯ ಇದೆ ಎಂದುಕೊಂಡೆ. ಅವನಿಗೆ ಇನ್ನೂ ಇಪ್ಪತ್ತು ತುಂಬಿಲ್ಲ. ನಾನು ಗದ್ದೆಗೆ ಇಳಿಯುತ್ತೇನೆ, ಕೆಮ್ಮಿದರೆ ಕೆಮ್ಮುತ್ತೇನೆ, ಸಾಲು ಸೊಟ್ಟಗಾದರೆ ಆಗಲಿ. ಟುವಾಲು ಇನ್ನೂ ನಮ್ಮಿಬ್ಬರ ಕೈಯ ಮೇಲೆಯೇ ಇತ್ತು. ಅದರ ಕೆಳಗೆ ಅಣ್ಣನ ಕೈ ಹುಡುಕಿ, ಅವನ ಒಂದು ಬೆರಳು ಹಿಡಿದು ಒತ್ತಿದೆ. ಅಜ್ಜ ಒತ್ತಿದ ಹಾಗೇ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡೆ. ಅವನ ಬೆರಳು ಒಂದು ವರ್ಷದಲ್ಲಿ ಅಜ್ಜನ ಬೆರಳಿನಷ್ಟೇ ಒರಟಾಗಿತ್ತು.

ಅವನ ಕೈ ಅಲುಗಲಿಲ್ಲ. ಎಷ್ಟು ಹೊತ್ತು ಅಲುಗದೆ ಇತ್ತೋ, ನನಗೆ ತುಂಬ ಹೊತ್ತು ಅನಿಸಿತು. ಒಪ್ಪಿದ, ಅಂದುಕೊಂಡೆ. ಅಂಗೈಗೆ ತಟ್ಟಲು ಇನ್ನೊಂದು ಕೈಯನ್ನು ಎತ್ತಿದೆ ಕೂಡ.

ಆಗ ಅವನು ಮಣಿಕಟ್ಟು ಅಲುಗಿಸಿದ, ಒಂದೇ ಸಲ. ಟುವಾಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಏಳು, ಸೊರಬದ ಬಸ್ಸು ಹೋಗ್ತದೆ" ಎಂದ.